ಕಮಲಾಬಾಯಿಯ ವ್ರತ, ಮುಂಬೈಯ ತಾರೀಖು

ಮಿರಜ ಹತ್ತಿರದ ಮ್ಹೈಸಾಳದಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಮೊದಲ ಕರೆ ಹೋಗುವುದು ಕಮಲಾಬಾಯಿಗೆ. ಕಬ್ಬಿನ ಹೊಲ, ಎಮ್ಮೆ, ಬಸದಿ ಎಂದು ಎಷ್ಟೇ ಕೆಲಸವಿದ್ದರೂ ಕೂಸಿಗೆ ಎರೆಯಲು ಆಕೆಗೆ ಬಿಡುವು ಸಿಗುತ್ತದೆ. ಗಿಡ್ಡ ಮಣೆಯ ಮೇಲೆ ಕೂತು ಕಾಲು ಚಾಚಿ, ಎಣ್ಣೆ ತಿಕ್ಕಿದ ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ ಎರೆಯತೊಡಗಿದರೆ, ಕಿರುಚುತ್ತಿದ್ದ ಕೂಸೂ ಅರ್ಧಕ್ಕೇ ಸುಮ್ಮನಾಗುತ್ತದೆ. ಎರೆದದ್ದು ಸರಿಯಾಯಿತೋ ಇಲ್ಲವೋ ಎಂಬುದಕ್ಕೆ ಆಕೆಯದು ಒಂದೇ ಪರೀಕ್ಷೆ. ಆಮೇಲೆ ಕಿವಿಯ ಹತ್ತಿರ ಹಲಗೆ ಬಾರಿಸಿದರೂ ಕೂಸು ಏಳಬಾರದು.

ಇಂಥ ಕಮಲಾಬಾಯಿಯ ಸ್ವಂತ ಮಗಳು ವೃಷಾಲಿ ಬಸುರಾದಳು, ಅದೂ ಜರ್ಮನಿಯಲ್ಲಿ. ಗಂಡ ಸಂಮೇದ ಕುಪವಾಡದ ಕಾರ್ಖಾನೆಯೊಂದರಲ್ಲಿ ಅಚ್ಚು ಕಡೆಯುವುದನ್ನು ಕಲಿತವನು, ಅದೇ ಕಸುಬಿನ ಮೇಲೆ ಮ್ಯೂನಿಕ್ ಹತ್ತಿರದ ಊರು ಸೇರಿದ್ದ. ಚೊಚ್ಚಲ ಬಾಣಂತನ ತವರಿನದು. ಆದರೆ ವಿಮಾನ ಹತ್ತಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ ಮಗಳು ತವರಿಗೆ ಬರುವ ಹಾಗಿರಲಿಲ್ಲ, ತವರೇ ಮಗಳ ಹತ್ತಿರ ಹೋಗಬೇಕು. ಹೆರಿಗೆ ದೀಪಾವಳಿಯ ಬೆನ್ನಿಗೆ. ಕಮಲಾಬಾಯಿಗೆ ಪಾಸ್‌ಪೋರ್ಟ್ ಬಂತು. ಅದನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಳು. ಇನ್ನು ವೀಸಾ. ಅದಕ್ಕೆ ಮುಂಬೈಗೇ ಹೋಗಿ ಬೆರಳ ಗುರುತು ಕೊಡಬೇಕು, ಹೋಗುವುದಕ್ಕೆ ಮೊದಲೇ ತಾರೀಖು ಹಿಡಿಯಬೇಕು. ಮಗ ಪ್ರತೀಕ ದಿನಾ ಫೋನು ಹಿಡಿದು ನೋಡುತ್ತಿದ್ದ. ತಾರೀಖೇ ಖಾಲಿ ಇರುತ್ತಿರಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಚಾತುರ್ಮಾಸಕ್ಕೆಂದು ಮುನಿಮಹಾರಾಜರು ಊರ ಬಸದಿಯಲ್ಲಿ ನಿಂತರು. ಆ ನಾಲ್ಕು ತಿಂಗಳಿಗೆ ಮನೆಗೊಬ್ಬರಾದರೂ ಅವರೆದುರು ಏನಾದರೊಂದು ವ್ರತ ಹಿಡಿಯುವುದು ವಾಡಿಕೆ. ಕಮಲಾಬಾಯಿ ವರ್ಷವೂ ತೊಪ್ಪಲುಪಲ್ಯ ತಿನ್ನುವುದನ್ನು ಬಿಡುತ್ತಿದ್ದಳು. ಈ ಸಲ ಮಗಳ ಹೆರಿಗೆ ಸುಸೂತ್ರವಾಗಲಿ ಎಂದು ದೊಡ್ಡದನ್ನೇ ಹಿಡಿದಳು. ಎದ್ದು ನಿಂತು ಕೈಮುಗಿದು, ದೀಪಾವಳಿ ಮುಗಿಯುವತನಕ ಈ ಕಡೆ ಹೊಳೆ ದಾಟುವುದಿಲ್ಲ, ಆ ಕಡೆ ಮಿರಜ ದಾಟುವುದಿಲ್ಲ ಎಂದಳು. ಹಿರಿಯರು ಹಿಡಿಯುತ್ತ ಬಂದ ಗಡಿಯ ವ್ರತ ಅದು. ನಡೆದಷ್ಟು ಕಾಲಡಿಯ ಹುಳುಹುಪ್ಪಟೆಗೆ ಹಿಂಸೆ, ನಡೆಯದಷ್ಟು ಪುಣ್ಯ. ಆ ಗಳಿಗೆಯಲ್ಲಿ ಮುಂಬೈ ಆಕೆಯ ತಲೆಯಲ್ಲಿ ಸುಳಿಯಲೇ ಇಲ್ಲ. ವೀಸಾ ಎಂದರೆ ಪ್ರತೀಕನ ಫೋನಿನೊಳಗಿನ ಕೆಲಸ ಎಂದುಕೊಂಡಿದ್ದಳು.

ಶ್ರಾವಣದಲ್ಲಿ ಪ್ರತೀಕ ಗಾಡಿ ನಿಲ್ಲಿಸುವ ಮೊದಲೇ ಕೂಗಿ ಹೇಳಿದ. "ಆಯಿ, ಚೀಲ ತುಂಬು. ತಾರೀಖ ಸಿಕ್ಕೈತಿ, ಬರೂ ತಿಂಗಳ."

"ದೀಪಾವಳಿ ಆದಮ್ಯಾಲಿಂದ ಇಲ್ಲೇನು?"

"ಇದೇನ ಎಸ್‌ಟಿ ಬಸ್ಸಿನ ಸೀಟ ಅಲ್ಲ ಆಯಿ. ಇದ ಬಿಟ್ರ ಸಂಕ್ರಾಂತಿ ಕಡೀಕ."

ಆಗ ವ್ರತದ ಮಾತು ಹೊರಗೆ ಬಂತು. ಪ್ರತೀಕ ಹಣೆ ಹಿಡಿದು ಕೂತ. ಗಂಡ ಬಾಪೂಸಾಹೇಬ ಅಡಕೆ ಕತ್ತರಿಸುತ್ತ, "ವರ್ಷಾ ತೊಪ್ಪಲಪಲ್ಯ ಬಿಡತಿದ್ದಿ, ಈ ವರ್ಷ ಮುಂಬೈ ಬಿಟ್ಟಿ. ಚಲೋ ಆತು" ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಮರುದಿನ ಮೂವರೂ ಬಸದಿಗೆ ಹೋದರು. ಮುನಿಗಳು ಎಲ್ಲ ಕೇಳಿದರು. ತಿಳಿಯದೆ ಆದ ಮಾತು, ಪ್ರಾಯಶ್ಚಿತ್ತಕ್ಕೆ ಎರಡು ಉಪವಾಸ ಕೊಡುತ್ತೇನೆ, ಹೋಗಿ ಬಾ ತಾಯಿ ಎಂದರು. ಪ್ರತೀಕನ ಮುಖ ಅರಳಿತು. ಕಮಲಾಬಾಯಿ ಮಾತ್ರ ನಮಸ್ಕರಿಸಿ ಎದ್ದು ಬಂದು, ಹೊರಗಿನ ಕಟ್ಟೆಯ ಮೇಲೆ ಕೂತಳು.

"ಆಕೀ ಹೆಸರಲೇ ಹಿಡದ ವ್ರತ ಐತಿ. ಅದನ್ನ ಮುರದು ಹೋಗಿ ಆಕೀ ಮಂಚದ ಮುಂದ ಹ್ಯಾಂಗ ನಿಂದ್ರಲಿ? ನಾಳೆ ಕೂಸಿಗೆ ಒಂದ ಸೀನ ಬಂದ್ರೂ ನನ್ನ ಕಾಲಗುಣ ಅನಸ್ತೈತಿ."

ಆದರೆ ಬಾಣಂತಿಗೆ ಒಬ್ಬರಾದರೂ ಬೇಕಲ್ಲ. ಇದ್ದವರು ಬೀಗತಿ ಅಲಕಾ, ಸಂಮೇದನ ತಾಯಿ. ವಿಶ್ರಾಮಬಾಗದ ಅಲಕಾ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಮೊಮ್ಮಗುವಿನ ನೆಪದಲ್ಲಿ ಒಂದು ವಾರ ಊರು ನೋಡಿ ಬರುವವರಿದ್ದರು, ಹೀಗಾಗಿ ಪ್ರತೀಕ ಅವರಿಗೂ ಅದೇ ದಿನದ ತಾರೀಖು ಹಿಡಿದಿದ್ದ. ವೃಷಾಲಿ ಫೋನಿನಲ್ಲಿ ಅತ್ತಳು. ಅತ್ತೆ ಒಳ್ಳೆಯವರೇ, ಆದರೆ ತಮ್ಮ ಮಗನಿಗೇ ಎರೆದವರಲ್ಲ, ಆಗ ಸಂಮೇದನ ಅಜ್ಜಿ ಇದ್ದಳು ಎಂದಳು. ತವರಿನ ಬಾಣಂತನ ಬೀಗರ ಪಾಲಾಯಿತು ಎಂದು ಓಣಿಯಲ್ಲಿ ನಾಲ್ಕು ಮಾತೂ ಆದವು. ಕಮಲಾಬಾಯಿ ಬೀಗತಿಗೇ ಫೋನು ಹಚ್ಚಿದಳು. ವಿಶ್ರಾಮಬಾಗ ಮಿರಜಿನ ಆಚೆ, ನಾನು ಬರುವ ಹಾಗಿಲ್ಲ, ನೀವೇ ಬರಬೇಕು, ಬಂದು ಕಲಿಯಬೇಕು ಎಂದಳು.

ಅಲಕಾ ಬಂದರು. ಹೊಲಕ್ಕೆ ಕೆಲಸಕ್ಕೆ ಬರುವ ಸಾತವ್ವನ ಮನೆಯಲ್ಲಿ ಆಗ ತಿಂಗಳ ಕೂಸಿತ್ತು. ಸಾತವ್ವ ಮೊಮ್ಮಗಳನ್ನು ಎತ್ತಿಕೊಂಡು ಬಂದು, "ಈಕಿ ಮ್ಯಾಲ ಕಲೀರಿ ಬಾಯಾರ, ಆದ್ರ ಬೀಳಸಬ್ಯಾಡ್ರಿ" ಎಂದಳು. ಅಲಕಾ ಅವರಿಗೆ ಮಣೆಯ ಮೇಲೆ ಕೂರಲಿಕ್ಕೇ ಬರಲಿಲ್ಲ. ಮೊಣಕಾಲು ನೋವು, ಕಾಲು ನೆಟ್ಟಗೆ ಚಾಚುತ್ತಿರಲಿಲ್ಲ. ಮೊದಲ ವಾರ ಕಮಲಾಬಾಯಿ ಕೂಸನ್ನು ಬಿಟ್ಟು ಬೀಗತಿಯ ಕಾಲಿಗೇ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳು.

"ಅಹೋ ಬೀಗತಿ, ಬಾಣಂತಿ ನಾನss ಅದೇನೇನು?" ಎಂದು ಅಲಕಾ ನಕ್ಕರು.

"ಸುಮ್ಮ ಕುಂದ್ರಿ. ಕಾಲ ಚಾಚದವರ ಕೂಸ ಎಲ್ಲಿ ಹಾಕೋಬೇಕು?"

ಕಾಲು ಚಾಚಿತು. ನೀರಿನ ಬಿಸಿ ಮೊಣಕೈಗೆ ತಿಳಿಯತೊಡಗಿತು. ಆದರೆ ಅಲಕಾ ಎರೆದ ಕೂಸು ಮಲಗುತ್ತಿರಲಿಲ್ಲ, ಪಿಳಿಪಿಳಿ ನೋಡುತ್ತ ಬಿದ್ದಿರುತ್ತಿತ್ತು. ಕೈಯಲ್ಲಿ ಇನ್ನೂ ಹೆದರಿಕೆ ಇದೆ, ಅದು ಕೂಸಿಗೆ ಗೊತ್ತಾಗುತ್ತದೆ ಎಂದು ಕಮಲಾಬಾಯಿ ಹೇಳಿದಳು. ನಡುವೆ ಒಮ್ಮೆ ಮುಂಬೈಗೆ ಹೋಗಿ ಬೆರಳು ಕೊಟ್ಟು ಬಂದದ್ದು ಬಿಟ್ಟರೆ ಅಲಕಾ ಬರುವುದು ತಪ್ಪಿಸಲಿಲ್ಲ. ಹೊರಡುವ ದಿನದವರೆಗೂ ಸಾತವ್ವನ ಮೊಮ್ಮಗಳು ಅವರ ಕಾಲ ಮೇಲೆ ಎಚ್ಚರವಾಗಿಯೇ ಉಳಿದಳು. ಬಜೆ, ಅಂಟಿನ ಉಂಡಿ, ಕಾಸಿದ ಎಣ್ಣೆ ಕಟ್ಟಿಕೊಡುವಾಗ ಕಮಲಾಬಾಯಿ ಎರೆಯುವ ಪಾಠವನ್ನು ಬೀಗತಿಯ ಬಾಯಿಂದ ಇನ್ನೊಮ್ಮೆ ಹೇಳಿಸಿದಳು.

ದೀಪಾವಳಿ ಮುಗಿಯಿತು, ವ್ರತವೂ ಮುಗಿಯಿತು. ಎಲ್ಲಿಗೆ ಬೇಕಾದರೂ ಹೋಗಬಹುದಾಗಿದ್ದ ಕಮಲಾಬಾಯಿ ಮನೆಯಲ್ಲೇ ಫೋನು ಕಾಯುತ್ತ ಕೂತಳು. ಹೆಣ್ಣು ಕೂಸು, ಹೆರಿಗೆ ಸುಸೂತ್ರ. ಅಲ್ಲಿ ಬಚ್ಚಲು ಎಂದರೆ ಗಾಜಿನ ಡಬ್ಬಿ, ಅದರೊಳಗೇ ಅಲಕಾ ಮಣೆ ಹಾಕಿಕೊಂಡು ಎರೆಯುತ್ತಾರೆ ಎಂದು ವೃಷಾಲಿ ಹೇಳಿದಳು. ಎರೆದ ಮೇಲೆ ಕೂಸು ಮಲಗುತ್ತದೋ ಇಲ್ಲವೋ ಎಂದು ಕೇಳಲು ಕಮಲಾಬಾಯಿಗೆ ಧೈರ್ಯ ಬರಲಿಲ್ಲ.

ಆಮೇಲೊಂದು ದಿನ ವೃಷಾಲಿ ಸಿಟ್ಟಿನಲ್ಲೇ ಫೋನು ಮಾಡಿದಳು. ಕೂಸಿನ ಪಾಸ್‌ಪೋರ್ಟಿಗೆ ಮ್ಯೂನಿಕ್‌ನ ನಮ್ಮ ದೂತಾವಾಸದಲ್ಲಿ ತಾರೀಖು ಸಿಕ್ಕಿತ್ತು, ಅದಕ್ಕೆ ಕೂಸು ಕಣ್ಣು ಬಿಟ್ಟಿರುವ ಫೋಟೋನೇ ಬೇಕಂತೆ.

"ಫೋಟೋದವ ಚಪ್ಪಾಳಿ ಹೊಡದ, ಗಂಟಿ ಬಾರಿಸ್ದ, ಕಾಲಿಗೆ ಕಚಗುಳಿ ಇಟ್ಟ. ಕಣ್ಣss ತಗೀಲಿಲ್ಲ ಆಯಿ. ಅತ್ತಿ ಮುಂಜಾನೆ ಎರದು ಕಳಿಸಿದ್ರು. ಹಂಗss ಹೊಳ್ಳಿ ಬಂದ್ವಿ."

"ಗಂಟಿ ಬಾರಿಸಿದ್ರೂ ಏಳಲಿಲ್ಲೇನು?" ಎಂದು ಕಮಲಾಬಾಯಿ ಎರಡು ಸಲ ಕೇಳಿದಳು. ಆಮೇಲೆ, ಫೋಟೋದ ದಿನ ಎರೆಯುವುದು ಸಂಜೆಗಿರಲಿ ಎಂದು ಹೇಳಿ ಫೋನು ಇಟ್ಟಳು.

ಮೊಮ್ಮಗಳ ಪಾಸ್‌ಪೋರ್ಟಿನ ಫೋಟೋ ಈಗ ಆಕೆಯ ಫೋನಿನಲ್ಲಿದೆ. ಕಣ್ಣು ಇಷ್ಟಗಲ. ನೋಡಿದವರೆಲ್ಲ ಎಷ್ಟು ಚುರುಕು ಕೂಸು ಎನ್ನುತ್ತಾರೆ. ಕಮಲಾಬಾಯಿ ತಲೆಯಾಡಿಸಿ ಹೇಳುತ್ತಾಳೆ: "ಇದು ಎರಡನೇ ಸಲ ತಗಸಿದ್ದು. ಮೊದಲ ಸಲ ಹೋದಾಗ ನಮ್ಮ ಬೀಗತಿ ಎರದಿದ್ರು."