ಮೊದಲು ಬೆರಳು, ಆಮೇಲೆ ಕಾರಣ

ನಮ್ಮ ಮನೆಗೆ ಬಂದಾಗ ಅವರು ಚಪ್ಪಲಿ ಬಿಡುವುದಕ್ಕೂ ಮೊದಲು ಕಿವಿಯ ಹತ್ತಿ ತೆಗೆಯುತ್ತಿದ್ದರು. ಬಲಗಿವಿಯದು ಮೊದಲು, ಆಮೇಲೆ ಎಡಗಿವಿಯದು. ಎರಡನ್ನೂ ಬೆರಳ ನಡುವೆ ಹೊಸೆದು ಉಂಡೆ ಮಾಡಿ, ತಂಬಾಕು ಬಿಟ್ಟ ಮೇಲೆ ಖಾಲಿ ಉಳಿದಿದ್ದ ಸುಣ್ಣದ ಡಬ್ಬಿಯೊಳಗಿಟ್ಟು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹತ್ತಿಯಿಲ್ಲದೆ ಅವರು ಪುಣೆಯ ಹಡಪಸರದ ರಸ್ತೆಗಿಳಿದದ್ದನ್ನು ನಾನು ನೋಡಿಲ್ಲ. ಸಿಗ್ನಲ್‌ನಲ್ಲಿ ಯಾವನಾದರೂ ರಿಕ್ಷಾದವನು ಸುಮ್ಮಸುಮ್ಮನೆ ಹಾರ್ನ್ ಒತ್ತಿದರೆ ಒಂದು ಕಿವಿಯ ಹತ್ತಿ ತೆಗೆದು, "ಅರೇ ಬಾಬಾ, ಕಶಾಲಾ?", ಯಾಕಪ್ಪಾ ಇದು, ಎಂದು ಮರಾಠಿಯಲ್ಲಿ ಗದರಿ, ಅವನ ಉತ್ತರ ಕೇಳಿಸದಿರಲೆಂದು ಹತ್ತಿಯನ್ನು ಮತ್ತೆ ತುರುಕಿಕೊಳ್ಳುತ್ತಿದ್ದರು. ಕಾಲೇಜಿನ ಚರ್ಚಾಕೂಟದಲ್ಲಿ ಬೆಳೆದ ನನಗೆ ಈ ಪದ್ಧತಿ ಶುದ್ಧ ಅನ್ಯಾಯವೆನಿಸುತ್ತಿತ್ತು. ಈಗ ಸ್ವಲ್ಪ ಅಸೂಯೆಯಾಗುತ್ತದೆ.

ಪಕ್ಕದ ಫ್ಲ್ಯಾಟಿನ ಕಾಕಾ ಅವರು. ವಿಜಯಪುರದ ಕಡೆಯವರು, ಚಾಕಣದ ಒಂದು ಗೇರ್‌ಬಾಕ್ಸ್ ಕಾರ್ಖಾನೆಯಿಂದ ನಿವೃತ್ತರಾದವರು. ಹೊಸ ಗೇರ್‌ಬಾಕ್ಸ್ ಕೂರಿಸಿದ ಕಾರಿನಲ್ಲಿ ಕುಳಿತು ಸಪ್ಪಳ ಕೇಳಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ಅವರ ಕೆಲಸವಾಗಿತ್ತು. ಅದಕ್ಕೆ ಯಂತ್ರ ಇರಲಿಲ್ಲವೇ ಎಂದು ನಾನು ಕೇಳಿದ್ದೆ.

"ಇತ್ತಲ್ಲ. ಸಪ್ಪಳ ಎಷ್ಟಂತ ಯಂತ್ರ ಹೇಳ್ತದ. ಆ ಸಪ್ಪಳ ತಲಿ ತಿಂತದೋ ಇಲ್ಲೋ ಅಂತ ಮನಷ್ಯಾನ ಹೇಳ್ಬೇಕು."

ಈ ಕಿವಿಯ ಬಗ್ಗೆ ಅವರಿಗಿದ್ದ ಹೆಮ್ಮೆ ಅಗತ್ಯಕ್ಕಿಂತ ಹೆಚ್ಚು. ನಮ್ಮ ಸೊಸೈಟಿಯ ಲಿಫ್ಟಿನ ಬೇರಿಂಗ್ ಹೋಗಿದೆ ಎಂದು ಅವರು ಘೋಷಿಸಿ, ಮಂದಿ ಅದನ್ನು ನಂಬಿ, ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದರೆ ಬೇರಿಂಗ್ ಗಟ್ಟಿಮುಟ್ಟಾಗಿತ್ತು. ಕಾಕಾ ಒಂದಿಷ್ಟೂ ಕುಗ್ಗಲಿಲ್ಲ. "ಈಗಿಲ್ಲಂದ್ರ ಮುಂದ ಹೋಗ್ತಾವ, ನೋಡ್ತಿರ್ರಿ" ಎಂದರು. ಸೋತ ಮೇಲೂ ಹೀಗೆ ಎದ್ದು ನಿಲ್ಲುವವರ ಬಗ್ಗೆ ನನಗೆ ಗೌರವವಿದೆ, ನಂಬಿಕೆಯಿಲ್ಲ.

ಅವರು ನಮ್ಮ ಮನೆಗೆ ಬರತೊಡಗಿದ್ದು ನನ್ನ ಭಾನುವಾರದ ಹವ್ಯಾಸದಿಂದ. 'ಕ್ಲಾಸಿಕ್' ಎಂಬ ಪದದ ಮೇಲೆ ನನಗೊಂದು ಹಳೆಯ ಸಿಟ್ಟು. ಯಾರೋ ಒಮ್ಮೆ ಶ್ರೇಷ್ಠ ಅಂದದ್ದನ್ನು ಉಳಿದವರು ಕೇಳದೆಯೇ ಶ್ರೇಷ್ಠ ಅನ್ನುತ್ತಾರೆ. ಸರಿ, ಪರೀಕ್ಷಿಸಿಯೇ ನೋಡೋಣ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಹೆಸರಾದ ಒಂದು ಹಳೆಯ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಹಾಡನ್ನೂ ಹಾರಿಸದೆ ಕೇಳುವುದು. ಹತ್ತಕ್ಕೆ ಅಂಕ ಕೊಡುವುದು. ಕಾರಣಸಹಿತ ವಿಮರ್ಶೆ ಬರೆದು ನನ್ನ ಬ್ಲಾಗಿಗೆ ಹಾಕುವುದು. ಖಯಾಲು, ಗಝಲು, ವಚನ, ಇಂಗ್ಲಿಷಿನ ರಾಕ್, ಯಾವುದಕ್ಕೂ ರಿಯಾಯಿತಿ ಇಲ್ಲ. ಓದುವವರು ಕೆಲವೇ ಗೆಳೆಯರು. ಅವರೂ ಜಗಳಕ್ಕೆಂದೇ ಓದುತ್ತಿದ್ದರು.

ನಮಗೂ ಕಾಕಾನಿಗೂ ನಡುವೆ ಒಂದೇ ಗೋಡೆ, ನನ್ನ ಅಂಕದ ಆಟದ ಸುದ್ದಿಯೂ ಅವರಿಗೆ ತಲುಪಿತ್ತು. ಒಂದು ಭಾನುವಾರ ಹಾಡು ಮುಗಿದ ಕೂಡಲೇ ಬಾಗಿಲು ಬಡಿದರು. ಸ್ಪೀಕರಿನ ಸದ್ದು ಕಡಿಮೆ ಮಾಡು ಅನ್ನುತ್ತಾರೆಂದು ನಾನು ಉತ್ತರ ಸಿದ್ಧ ಮಾಡಿಕೊಂಡೇ ಬಾಗಿಲು ತೆಗೆದೆ.

"ಎಷ್ಟ್ ಕೊಟ್ರಿ, ವಕೀಲ್ರ?"

ನಾನು ವಕೀಲಳಲ್ಲ. ನನ್ನ ವಾದದ ಚಟಕ್ಕೆ ಅವರಿಟ್ಟ ಹೆಸರು ಅದು. ಆರು ಕೊಟ್ಟೆ ಎಂದು ಹೇಳಿ ಕಾರಣಗಳನ್ನು ಒಂದೊಂದಾಗಿ ವಿವರಿಸತೊಡಗಿದೆ. ಕಾಕಾ ಕೈ ಅಡ್ಡ ಹಿಡಿದರು.

"ನಿಮ್ಮದು ಉಲ್ಟಾ ಆತು. ಮೊದಲ ಬಳ್ಳು, ಆಮ್ಯಾಲ ಕಾರಣ. ಕಾರಣ ಮೊದಲ ಹುಡಕಿದ್ರ, ಅಂಕ ಅದರ ಬಾಲ ಹಿಡ್ಕೊಂಡು ಹೋಗ್ತದ."

ಕಾರ್ಖಾನೆಯಲ್ಲಿ ಅವರ ಪದ್ಧತಿ ಹಾಗೇ ಇತ್ತಂತೆ. ಕಾರು ಸುತ್ತು ಮುಗಿಸಿ ನಿಲ್ಲುವವರೆಗೆ ಒಳಗಿದ್ದವರು ಪರಸ್ಪರ ಒಂದು ಮಾತೂ ಆಡುವಂತಿಲ್ಲ, ಮುಖ ಕಿವುಚುವಂತಿಲ್ಲ. ನಿಂತ ಮೇಲೆ ಎಲ್ಲರೂ ಒಟ್ಟಿಗೇ ಬೆರಳು ಎತ್ತಬೇಕು. ಒಮ್ಮೆ ಎತ್ತಿದ ಬೆರಳು ಮಡಚುವಂತಿಲ್ಲ.

"ಅಲ್ಲಿ ಹತ್ತಕ್ಕೆ ಹತ್ತು ಅಂದರೇನು ಕಾಕಾ?"

"ಕಿವಿಗೆ ಏನೂ ಬೀಳಬಾರದು."

"ಹಾಗಾದರೆ ಆಫ್ ಮಾಡಿದ ಸ್ಪೀಕರಿಗೆ ಹತ್ತು ಕೊಡಬೇಕಾಗುತ್ತದೆ."

ಅವರು ಗಹಗಹಿಸಿ ನಕ್ಕರು. "ಅದಕ್ಕಽ ಬಂದೇನ್ರಿ. ಇಡೀ ಜೀವಮಾನ ಬರೇ ತಪ್ಪು ಕೇಳೂದರಾಗ ಹೋತು. ಒಮ್ಮಿಯರ ಸರಿ ಇದ್ದದ್ದು ಕೇಳಬೇಕಲ್ಲ."

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಅವರು ಕಿಟಕಿ ಪಕ್ಕದ ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಕೊನೆಯ ಹಾಡು ಮುಗಿದೊಡನೆ ಇಬ್ಬರೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, "ಹ್ಞೂಂ" ಎಂದು ಅವರು ಹೇಳುತ್ತಲೇ ಮುಂದೆ ತರುತ್ತಿದ್ದೆವು. ಅವರ ಬೆರಳು ಹೆಚ್ಚಾಗಿ ನನ್ನವಕ್ಕಿಂತ ಒಂದೆರಡು ಜಾಸ್ತಿಯೇ ಇರುತ್ತಿದ್ದವು. ಸರಿ ಇದ್ದದ್ದನ್ನು ಕೇಳಲು ಬಂದವರು ಅದನ್ನು ಕೇಳಿಯೇ ತೀರುತ್ತಾರೆ, ಇದು ಪೂರ್ವಗ್ರಹವಲ್ಲವೇ ಎಂದು ನಾನು ವಾದಿಸುತ್ತಿದ್ದೆ. "ನೀವು ತಪ್ಪು ಹುಡಕಾಕ ಕುಂತೀರಿ, ಅದಕ್ಕೇನಂತಾರ?" ಎಂದು ಅವರು.

ಒಮ್ಮೆ ನೆಗಡಿಯಾಗಿ ಬಂದರು. ಪೂರ್ತಿ ಕೇಳಿದರು. ನಾನು ಬೆರಳು ತೋರಿಸಿದಾಗ ಅವರು ಮಾತ್ರ ಕೈಕಟ್ಟಿ ಕುಳಿತಿದ್ದರು.

"ನಾ ಇವತ್ತ ಅನ್‌ಫಿಟ್."

ಮೂಗು ಕಟ್ಟಿದರೆ ಕಿವಿಯೂ ಅರ್ಧ ಕಟ್ಟುತ್ತದೆ, ಅಂಥ ದಿನ ಅಂಕ ಕೊಡುವವನು ತಾನಾಗಿಯೇ ಕೈಕಟ್ಟಿ ಕೂರಬೇಕು, ಇದು ಅವರ ಕಾರ್ಖಾನೆಯ ನೇಮ. ಯಾರೂ ಪರೀಕ್ಷಿಸುವುದಿಲ್ಲ. "ಮಂದಿ ಹಿಡಿಯೂತನಕ ಸುಮ್ನ ಕೂಡಬಾರದ್ರಿ. ತನ್ನ ಕಿವಿ ತಾನ ಹೇಳ್ಬೇಕು." ಚರ್ಚಾಸ್ಪರ್ಧೆಗಳಲ್ಲಿ ನಾನು ಎಷ್ಟೋ ತೀರ್ಪುಗಾರರನ್ನು ಕಂಡಿದ್ದೇನೆ, ತೂಕಡಿಸಿ ಎದ್ದು ಅಂಕ ಬರೆದವರನ್ನೂ ಕಂಡಿದ್ದೇನೆ. ನಾನು ಇವತ್ತು ಅನರ್ಹ ಎಂದವರನ್ನು ಕಂಡಿರಲಿಲ್ಲ. ಆದರೂ ನೆಗಡಿಗೆ ಇಷ್ಟು ಶಾಸ್ತ್ರ ಅತಿಯಾಯಿತು ಎಂದೇ ಅವರಿಗೆ ಹೇಳಿದೆ.

ಆಮೇಲೆ ಬಂದದ್ದು ಮರಾಠಿ ಭಕ್ತಿಗೀತೆಗಳಾದ ಅಭಂಗಗಳ ಒಂದು ಹಳೆಯ ಆಲ್ಬಮ್. ಪುಣೆಯ ಪ್ರತಿ ಮನೆಯಲ್ಲೂ ಒಮ್ಮೆ ಇದ್ದಿರಬಹುದಾದಂಥದು. ಹಾಡುಗಾರ, ಮೃದಂಗ, ಹಿಂದೆ ಇಡೀ ಸಾಲು ಕಂಚಿನ ತಾಳಗಳು. ನಾನು ಎಂಟು ಬೆರಳು ಎತ್ತಿದೆ. ನನ್ನ ಮಟ್ಟಿಗೆ ಅದು ದುಂದುವೆಚ್ಚ. ಕಾಕಾ ನಾಲ್ಕು ಎತ್ತಿದರು.

"ತಾಳಾನಽ ಇಲ್ಲಲ್ರಿ! ಅಭಂಗ ಅಂತಾರ, ತಾಳ ಮುಚ್ಚಿಬಿಟ್ಟಾರ. ರೆಕಾರ್ಡ್ ಮಾಡಿದಂವ ಯಾವಂವ ಅವ?"

ನನಗೆ ತಾಳಗಳು ಸ್ಪಷ್ಟವಾಗಿ, ಮಳೆಹನಿಯಷ್ಟು ಬಿಡಿಬಿಡಿಯಾಗಿ ಕೇಳಿಸಿದ್ದವು. ಹಾಗೆಂದು ಹೇಳಿದೆ. ಅವರು ಸ್ಪೀಕರನ್ನು ದೂರಿದರು. ಸ್ಪೀಕರಿನ ಮೂತಿ ತಮ್ಮ ಕಡೆ ತಿರುಗಿಸಿ ಮತ್ತೆ ಹಚ್ಚಲು ಹೇಳಿದರು. ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. ಸುಣ್ಣದ ಡಬ್ಬಿ ಜೇಬಿನಿಂದ ತೆಗೆದು, ಹಾಗೇ ಕೈಯಲ್ಲಿ ಹಿಡಿದುಕೊಂಡು ಹೊರಟರು. ಹತ್ತಿ ಹಾಕಿಕೊಳ್ಳಲಿಲ್ಲ. ಒಂದು ವಾದದಲ್ಲಿ ಗೆದ್ದು ನನಗೆ ಏನೂ ಅನಿಸದ ದಿನ ಅದು.

ಮುಂದಿನ ವಾರ ಅವರ ಮನೆಯಲ್ಲಿ ನಡೆದದ್ದನ್ನು ಹೇಳಿದ್ದು ಅವರ ಹೆಂಡತಿ, ಕಾಕು. ಅವರು ಭಜನಿ ಮಂಡಳಿಯವರು, ಮನೆಯಲ್ಲಿ ಒಂದು ಜೊತೆ ತಾಳ ಇದೆ.

"ಏನ್ ಹೇಳ್ಲೆವ್ವಾ, ನನ್ನ ಅಡಗಿ ಮನ್ಯಾಗ ನಿಂದರ್ಸಿ, ತಾಳ ಸಾವಕಾಶ ಬಾರ್ಸು ಅಂದ್ರು. ಇವ್ರು ಹೊರಗ ಪಡಸಾಲ್ಯಾಗ, ಗ್ವಾಡಿ ಕಡೆ ಮಾರಿ ಮಾಡ್ಕೊಂಡು ನಿಂತಾರ. ನಾ ಬಾರ್ಸೇ ಬಾರ್ಸಿದೆ. ಇವ್ರು 'ಬಾರ್ಸ, ಬಾರ್ಸಲ್ಲ ಯಾಕ?' ಅಂತಾರ. ಬಾರ್ಸಾಕತ್ತೀನಿ ಅಂತ ನಾ ಒದರಿದೆ. ನನ್ನ ದನಿ ಕೇಳ್ತು, ತಾಳ ಕೇಳ್ಲಿಲ್ಲ." ಆಮೇಲೆ, "ಇಷ್ಟ್ ವರ್ಷ ನನ್ನ ಮಾತು ಕೇಳಸಂಗಿಲ್ಲ ಅಂತ ನಾಟಕ ಮಾಡ್ತಿದ್ರು" ಎಂದು ನಗಲು ನೋಡಿದರು.

ಭಾನುವಾರ ಕಾಕಾ ಬಂದರು. ಹತ್ತಿ ತೆಗೆದರು, ಡಬ್ಬಿಗೆ ಹಾಕಿದರು, ಕುಳಿತರು. ಆಲ್ಬಮ್ ಮುಗಿಯಿತು. ನನ್ನ ಬೆರಳು ಏಳು. ಅವರ ಕೈ ಕಟ್ಟಿತ್ತು.

"ನೆಗಡಿನಾ?" ಎಂದೆ. ಗೊತ್ತಿದ್ದೂ ಕೇಳಿದೆ, ಅವರಿಗೊಂದು ದಾರಿ ಇರಲಿ ಎಂದು.

"ಇಲ್ರಿ. ಮ್ಯಾಲಿನ ಸಪ್ಪಳ, ತಾಳದಂಥಾ ಸಣ್ಣ ದನಿ, ಹೋಗ್ಯಾವ. ಇನ್ನ ನಾ ಕಾಯಂ ಅನ್‌ಫಿಟ್." ಕಾರಣ ಅಷ್ಟೇ. ಆಮೇಲೆ, "ಆ ಅಭಂಗದ್ದು ನಾಕು ತಗದಹಾಕ್ರಿ" ಎಂದರು.

ಎತ್ತಿದ ಬೆರಳು ಮಡಚುವಂತಿಲ್ಲ ಎಂಬುದು ಅವರದೇ ನೇಮ. ನಾನು ಅದನ್ನೇ ಹಿಡಿದೆ. ನಾಲ್ಕು ಇರಲಿ, ಕೆಳಗೆ ಕಾರಣ ಬರೆಯೋಣ, ಅದೇ ಪ್ರಾಮಾಣಿಕತೆ ಎಂದೆ.

"ಪಾಪ, ಅವ್ರು ತಾಳ ಬಾರ್ಸ್ಯಾರ. ಬಾರಿಸಿದವ್ರಿಗೆ ಯಾಕ ನಾಕು? ಆ ನಾಕು ಹಾಡಿಂದಲ್ಲ ತಂಗಿ, ನನ್ನ ಕಿವೀದು."

ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ಅವರ ಮುಂದೆಯೇ ಆ ಅಂಕಿಯನ್ನು ಅಳಿಸಿದೆ.

ಬರುವುದನ್ನು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಪ್ರತಿ ಭಾನುವಾರ ಬಂದು ಪೂರ್ತಿ ಕೇಳಿ, ಕೊನೆಗೆ ಕೈಕಟ್ಟಿ ಕುಳಿತು, ನಾನು ಕೊಟ್ಟ ಅಂಕಕ್ಕೆ ಕಾರಣ ಕೇಳುತ್ತಿದ್ದರು. ಅಂಕ ಕೊಡುವ ಹಕ್ಕೇ ಅವರ ಹೆಮ್ಮೆಯ ಗಂಟು ಎಂದು ನಾನು ತಿಳಿದಿದ್ದೆ. ಅದನ್ನು ಬಿಟ್ಟುಕೊಟ್ಟ ಮೇಲೂ ಅವರು ಕೇಳುವುದನ್ನು ಬಿಡಲಿಲ್ಲ. ಅಂಕ ಕೊಡಲಾಗದಿದ್ದರೆ ನಾನು ಹಾಗೆ ಕೇಳುತ್ತಿದ್ದೆನೇ? ಅನುಮಾನ. ಸ್ಪೀಕರನ್ನು ದೂರುವುದನ್ನು ಮಾತ್ರ ಅವರು ಕೊನೆಯವರೆಗೂ ಬಿಡಲಿಲ್ಲ.

ಕಳೆದ ದೀಪಾವಳಿ ಆದ ಮೇಲೆ ಕಾಕಾ ಹೋದರು. ಬೆಳಿಗ್ಗೆ ಎದೆನೋವು ಎಂದವರು ಮಧ್ಯಾಹ್ನಕ್ಕೆ ಇಲ್ಲ. ಸಾವಿನ ಬಗ್ಗೆ ದೊಡ್ಡ ಮಾತುಗಳನ್ನು ನಾನು ನಂಬುವುದಿಲ್ಲ, ಆದ್ದರಿಂದ ಬರೆಯುವುದೂ ಇಲ್ಲ.

ತಿಥಿಯ ದಿನಗಳೆಲ್ಲ ಮುಗಿದು ಬಂಧುಗಳು ಊರಿಗೆ ಹೋದ ಮೇಲಿನ ಭಾನುವಾರ ಬಾಗಿಲು ಬಡಿದದ್ದು ಕಾಕು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು, "ಅವ್ರು ನಾಕು ಕೊಟ್ಟಿದ್ರಂತಲ್ಲ, ಅದನ್ನ ಹಚ್ಚು" ಎಂದರು.

ಹಚ್ಚಿದೆ. ಹಾಡುಗಾರ ಹಾಡಿದ, ಮೃದಂಗ ನುಡಿಯಿತು, ತಾಳಗಳು ಎಲ್ಲವೂ ಇದ್ದವು. ಕೊನೆಯ ಅಭಂಗ ಮುಗಿಯಿತು. ಕಾಕುಗೆ ನೇಮಗಳು ಗೊತ್ತಿಲ್ಲ. ಕೈ ಬೆನ್ನ ಹಿಂದೆ ಒಯ್ಯದೆ, ನನಗಾಗಿ ಕಾಯದೆ, ಎರಡೂ ಕೈ ಎತ್ತಿ ಹತ್ತೂ ಬೆರಳು ಬಿಡಿಸಿದರು.

"ನಂದು ಹತ್ತು. ನಿಂದೆಷ್ಟವ್ವಾ?"

ಇದೇ ಆಲ್ಬಮ್ಮಿಗೆ ಹಿಂದೆ ಎಂಟು ಕೊಟ್ಟವಳು ನಾನು. ಈ ಸಲವೂ ಒಂದೊಂದು ತಾಳವೂ ಕೇಳಿಸಿತ್ತು, ಆದರೆ ಕೇಳಿಸಿದ್ದು ತಾಳ ಮಾತ್ರ ಆಗಿರಲಿಲ್ಲ, ಕಾಕಾನ 'ತಾಳಾನಽ ಇಲ್ಲಲ್ರಿ' ಕೂಡ.

ನಾನು ಕೈಕಟ್ಟಿ ಕುಳಿತಿದ್ದೆ.

"ನಾ ಇವತ್ತ ಅನ್‌ಫಿಟ್, ಕಾಕು."