ಬಡಗಲಿಗೆ ತಲೆಯಿಟ್ಟ ಬಾಳೆ

ನನ್ನ ಮೊಮ್ಮಗಳು ಮಂಗಳ ಡಾಕ್ಟರಾದಳು! ಸೂಜಿ ಚುಚ್ಚುವ ಡಾಕ್ಟರಲ್ಲ — ಗಾಳಿ ಡಾಕ್ಟರು. ಗುಡುಗು ಮಳೆಯ ಜೊತೆ ಬಂದು ತೋಟ ಕೆಡವಿ ಶೀಟು ಹಾರಿಸುತ್ತದಲ್ಲ, ಆ ಗಾಳಿಯನ್ನೇ ವರ್ಷಗಟ್ಟಲೆ ಓದಿದಳು. ನಿನ್ನೆ ಬೆಳಗಿನ ಬಸ್ಸಿಗೆ ತಿಗನಾರೆಗೆ ಬಂದಿಳಿದಳು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಓದಿಗೆ ಸುಳ್ಳು ಬೆರೆಸಿದವಳೂ ನಾನೇ. ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಡಬೇಕು — ಇಲ್ಲದಿದ್ದರೆ ಎರಡನೆಯದು ಮತ್ತೆ ಗಂಟಲಲ್ಲೇ ಉಳಿದುಬಿಡುತ್ತದೆ.

ಅವಳು ಈ ಓದು ಹಿಡಿದ ಮೊದಲ ಬೇಸಗೆ. ಒಂದು ಮಧ್ಯಾಹ್ನ ಕರಿಮೋಡ ಕವಿದು, ಆಲಿಕಲ್ಲು ಬಿದ್ದು, ಗಾಳಿ ಎದ್ದಿತು. ಎದ್ದಿತು ಅನ್ನಬಾರದಂತೆ, ಅದು ಮೇಲಿಂದ ಬಿದ್ದದ್ದು ಅಂತ ಮಂಗಳ ಆಮೇಲೆ ಹೇಳಿದಳು. ಬಿಂದಿಗೆ ನೀರು ನೆಲಕ್ಕೆ ಸುರಿದರೆ ಸುತ್ತಲೂ ಚೆಲ್ಲುವ ಹಾಗೆ, ಮೋಡದಿಂದ ಗಾಳಿ ಕುಸಿದು ನಾಕು ಕಡೆಗೂ ಹರಡುತ್ತದಂತೆ. ನಮ್ಮ ತೋಟದಲ್ಲಿ ಗೊನೆ ಹೊತ್ತಿದ್ದ ಬಾಳೆಯೆಲ್ಲ ನಡು ಮುರಿದು ಮಲಗಿತು. ಎಳೆಯವು ಮಾತ್ರ ನಿಂತಿದ್ದವು.

ಸುದ್ದಿ ಕೇಳಿದವಳೇ ಫೋನು ಮಾಡಿದಳು. "ಅಜ್ಜಿ, ಒಂದನ್ನೂ ಮುಟ್ಬೇಡಿ. ಬಿದ್ದಂಗೇ ಬುಟ್ಟಿರಿ. ಯಾವ ಮರ ಯಾವ ಕಡೀಕ್ ಬಿದ್ದದೆ ಅಂತ ಅಳದ್ರೆ, ಗಾಳಿ ಎಲ್ಲಿ ಇಳೀತು ಅಂತ ತಿಳೀತದೆ. ಬೆಳಿಗ್ಗೆ ಬತ್ತೀನಿ."

ಮುರಿದ ಬಾಳೆಯ ವಾಸನೆಗೆ ಆನೆ ಬರುತ್ತದೆ. ಮಗಳ ಅಳತೆ ಕೆಡಬಾರದು ಅಂತ ನನ್ನ ಮಗ ಮಾದೇಶ ತೋಟದ ಬದುವಿನಲ್ಲಿ ಬೆಂಕಿ ಹಾಕಿಕೊಂಡು, ಡಬ್ಬ ಬಡಿಯುತ್ತ ಕಾದ. ಆನೆ ಮುಟ್ಟಲಿಲ್ಲ. ಮುಟ್ಟಿದವಳು ನಾನು.

ಬೆಳಕು ಹರಿದು ಅವನು ನಿದ್ದೆಗೆ ಜಾರಿದ ಮೇಲೆ ತೋಟಕ್ಕೆ ಹೋದೆ. ನೋಡಿದರೆ — ಎಲ್ಲವೂ ಬಡಗಲಿಗೆ ತಲೆ ಹಾಕಿ ಮಲಗಿವೆ, ಬದುಕಿರುವವರು ತಲೆ ಹಾಕಬಾರದ ಉತ್ತರಕ್ಕೆ. ಗೊನೆ ಹೊತ್ತ ಬಾಳೆ ನಮಗೆ ಬಸುರಿ ಹೆಂಗಸು. ಆಡುವ ಮಗು ಬಡಗಲಿಗೆ ತಲೆ ಹಾಕಿದರೂ ಎಬ್ಬಿಸಿ ತಿರುಗಿಸುವ ಕೈ ಇದು. ಸಾಲು ಸಾಲು ಬಸುರಿಯರು ಹಾಗೆ ಬಿದ್ದಿರುವುದನ್ನು ನೋಡಿಕೊಂಡು ನಾನು ಹೇಗೆ... ಒಂದೊಂದರ ತಲೆ ಹಿಡಿದು ಮೂಡಲಿಗೆ ತಿರುಗಿಸಿದೆ. ಅರಿಶಿನ ಕುಂಕುಮ ಇಟ್ಟೆ. ಎಳೆದ ಗುರುತನ್ನು ಕಾಲಲ್ಲಿ ಅಳಿಸಿದೆ. ಅಳಿಸಿದೆ ಅಂದಮೇಲೆ, ತಪ್ಪು ಅಂತ ನನಗೆ ಆಗಲೇ ಗೊತ್ತಿತ್ತು.

ಮಂಗಳ ಬಂದಳು. ಮುಖ ತೊಳೆಯದೆ ತೋಟಕ್ಕೆ ಇಳಿದಳು. ಕುಂಕುಮ ನೋಡಿ ನಕ್ಕು ಕೇಳಿದಳು:

"ಕುಂಕುಮ ಇಟ್ಟಿದ್ದಷ್ಟೇ ತಾನೇ ಅಜ್ಜಿ? ಅಲ್ಲಾಡಿಸ್ಲಿಲ್ವಲ್ಲ?"

"ಇಲ್ಲ ಕಣವ್ವ. ಗಾಳಿ ಕೆಡವ್ದಂಗೇ ಅವೆ."

ಅಷ್ಟೇ ಮಾತು. ಬಸ್ಸಲ್ಲಿ ನಿದ್ದೆಗೆಟ್ಟು ಬಂದ ಕೂಸು, ಬೆಂಕಿ ಮುಂದೆ ನಿದ್ದೆಗೆಟ್ಟ ಅಪ್ಪ — ಅವರಿಬ್ಬರ ನಡುವೆ ನಿಂತು ನಿಜ ಹೇಳಲು ನಾಚಿಕೆಯಾಯಿತು. ಅವಳು ದಿಕ್ಕಿನ ಮುಳ್ಳು ಇಟ್ಟು ಒಂದೊಂದನ್ನೇ ಅಳೆದಳು, ಪಕ್ಕದವರ ಹೊಲಗಳಲ್ಲಿ ಬಿದ್ದವನ್ನೂ.

ಆಮೇಲೆ ಶುರುವಾಯಿತು. ಸುತ್ತಲ ಹೊಲಗಳದ್ದೆಲ್ಲ ಬೀಸಣಿಗೆ ಬಿಚ್ಚಿದಂತೆ ಸರಿಹೋಗುತ್ತಿತ್ತು, ನಮ್ಮದೊಂದೇ ಅಡ್ಡ. ಅವಳ ಮೇಷ್ಟ್ರು ಎಲ್ಲರ ಮುಂದೆ, ನಿನಗೆ ಅಳೆಯುವುದೇ ಬರುವುದಿಲ್ಲ ಅಂದರಂತೆ. ಫೋನಿನಲ್ಲಿ ಅತ್ತಳು. "ನಾನೇ ತಪ್ಪಾಗ್ ಅಳದ್ನೇನೋ ಅಜ್ಜಿ. ನನ್ ಕೈಯೇ ಸರಿಯಿಲ್ಲ."

ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — ಉಂಡೆಯಾ ಅಂತ ಕೇಳಿದೆ. ಸರಿಯಾಗಿದ್ದ ಅವಳ ಕೈಯನ್ನು ಅವಳೇ ಬೈದುಕೊಳ್ಳಲು ಬಿಟ್ಟೆನಲ್ಲ, ಅದೇ ನನ್ನ ಪಾಪ. ಬಾಳೆ ತಿರುಗಿಸಿದ್ದಕ್ಕಿಂತ ದೊಡ್ಡದು. ಕೊನೆಗೆ ಅವಳು ನಮ್ಮ ಹೊಲವನ್ನೇ ಬಿಟ್ಟು ಬರೆದಳು. ಪಕ್ಕದವರ ಹೊಲಗಳೆಲ್ಲ ಅವಳ ಪುಸ್ತಕದಲ್ಲಿವೆ. ಅವಳಪ್ಪ ಆನೆಯಿಂದ ಕಾದು ಕೊಟ್ಟದ್ದು ಮಾತ್ರ ಇಲ್ಲ.

ಅಂಥವಳು ಹೋದ ಬೇಸಗೆ ಏನು ಮಾಡಿದಳು ಗೊತ್ತೆ? ಮಧ್ಯಾಹ್ನ ಫೋನು. "ಹಾಸನೂರು ಕಡೆಯಿಂದ ಮೋಡ ಬತ್ತಾ ಅದೆ, ಗಾಳಿ ಬೀಳೋ ಅಂಗದೆ. ಅಪ್ಪನ್ನ ಕೊಟ್ಟಿಗೇಲಿ ಕೂರಾಕ್ ಬುಡ್ಬೇಡಿ." ಮಾದೇಶ ಗೊಣಗುತ್ತ ದನ ಬಿಚ್ಚಿಕೊಂಡು ಈಚೆ ಬಂದ. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಶೀಟು ತೊಲೆ ಸಮೇತ ಕಿತ್ತು ಬಿತ್ತು — ಅವನು ಬೀಡಿ ಸೇದುತ್ತ ಕೂರುವ ಜಾಗಕ್ಕೇ. ನನ್ನ ಮಗ ಬದುಕಿರುವುದು ಅವಳ ಓದಿನಿಂದ. ನಾನು ಸುಳ್ಳು ಬೆರೆಸಿದ ಓದಿನಿಂದ. ಮಾದಪ್ಪನಿಗೆ ಕೈ ಮುಗಿದೆ, ಅವಳಿಗೂ ಮುಗಿಯಬೇಕಿತ್ತು...

ನಿನ್ನೆ ಸಂಜೆ ಎಲ್ಲರೂ ಊಟಕ್ಕೆ ಕೂತರು. ಸೊಸೆ ಗೌರಮ್ಮ ಮುದ್ದೆ ಬಡಿಸಿ, ಅವರೆಕಾಳು ಸಾರು ಹಾಕಿದಳು. ಮಾದೇಶ ಮಗಳನ್ನು ರೇಗಿಸುತ್ತಿದ್ದ: "ನಮ್ಮೊಲ ಬುಟ್ಟು ಊರೊಲ ಎಲ್ಲ ಬರ್ದವಳೆ ಕಣವ್ವ ಇವ್ಳು."

ಅವಳ ಮುಖ ಸಣ್ಣದಾಯಿತು. "ನಾನೇ ಕೆಡ್ಸ್ದೆ ಕಣಪ್ಪ, ಅಳಿಯಾಕ್ ಬರ್ನಿಲ್ಲ" ಅಂದಳು.

ಆಗ ಹೇಳಿದೆ. ತಿರುಗಿಸಿದ್ದು, ಗುರುತು ಅಳಿಸಿದ್ದು, ಇಲ್ಲ ಅಂದದ್ದು — ಎಲ್ಲ. ಮಾದೇಶನ ಕೈ ತಟ್ಟೆಯಲ್ಲೇ ನಿಂತಿತು. ಮಂಗಳ ಕೇಳಿದಳು:

"ನಿಜವಾಗ್ ಎತ್ಲಾಗ್ ಬಿದ್ದಿದ್ವು?"

"ಬಡಗ್ಲಿಗೆ. ಎಲ್ಲಾವೂ."

ಅವಳು ಕಣ್ಣು ಮುಚ್ಚಿದಳು. ಬೆರಳು ತಟ್ಟೆಯ ಮೇಲೆ ಏನೋ ಗೀರಿತು. "ಸರಿಯಾಗ್ ಕೂತ್ಕತದೆ ಅಜ್ಜಿ. ತೆಂಕ್ಲ ಕೆರೆ ಮೇಲೆ ಇಳಿದ ಗಾಳಿ — ನಮ್ಮೊಲದಲ್ಲಿ ಬಡಗ್ಲಿಗೇ ಬೀಳ್ಬೇಕು." ಅವಳ ಕಣ್ಣಲ್ಲಿ ನೀರು.

"ಈಗ ಸೇರ್ಸವ್ವ ಅಂಗಾರೆ."

"ಆಗಲ್ಲ. ಬಾಯಲ್ಲಿ ಏಳಿದ್ದು ಅಳತೆ ಆಗಲ್ಲ."

ನಾನು ಕ್ಷಮಿಸು ಅನ್ನಲಿಲ್ಲ. ಅವಳೂ ಕ್ಷಮಿಸಿದೆ ಅನ್ನಲಿಲ್ಲ. ಇನ್ನೊಂದು ಸಲ ಗಾಳಿ ಕೆಡವಿದರೆ ಬೆಂಕಿ ಪಕ್ಕದಲ್ಲಿ ಮಗನ ಜೊತೆ ನಾನೂ ಕೂರುತ್ತೇನೆ, ಕೈ ಕಟ್ಟಿಕೊಂಡು.

ಮಂಗಳ ಮೂಗು ಒರೆಸಿಕೊಂಡು ತಟ್ಟೆ ಮುಂದಕ್ಕೆ ತಳ್ಳಿದಳು. "ಅವ್ವ, ಇನ್ನೊಂದ್ ಮುದ್ದೆ ಆಕು." ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಬಡಗ್ಲಿಗ್ ತಲೆ ಆಕ್ಕಂಡೇ ಮನಿಕತೀನಿ. ಯಾರೂ ತಿರುಗ್ಸ್ಬಾರ್ದು."

ಗೌರಮ್ಮ ನಕ್ಕಳು, ಮಾದೇಶನೂ ನಕ್ಕ. ನನ್ನ ನಾಲಿಗೆ ತುದಿಗೆ ಬೈಗುಳ ಬಂದಿತ್ತು. ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ, ಅದರ ಜೊತೆ ನುಂಗಿದೆ.