ನನ್ನ ಪೆಟ್ಟಿಗೆಯಲ್ಲಿ ಅವಳ ತಾಳೆಗರಿ

ಎಪ್ಪತ್ತೊಂದರ ಯುದ್ಧದಲ್ಲಿ ಕೊಪ್ಪಕ್ಕೆ ಬಾಂಬೇನೂ ಬೀಳಲಿಲ್ಲ. ಬಂದವಳು ಅವಳು. ನಮ್ಮವರ ಸೋದರತ್ತೆ ಮಗಳು. ಒಂದು ಕಾಲಕ್ಕೆ ಅವರಿಗೇ ಕೊಡಬೇಕೆಂದು ಮಾತಾಗಿದ್ದವಳು. ಬೊಂಬಾಯಿಯಲ್ಲಿ ಬ್ಲ್ಯಾಕ್‌ಔಟ್, ಸೈರನ್. ಶೃಂಗೇರಿ ಕಡೆಯವರಾದ ಅವಳಪ್ಪ ಜೀವಮಾನವಿಡೀ ಕೂಡಿಹಾಕಿದ್ದ ತಾಳೆಗರಿ ಕಟ್ಟುಗಳನ್ನು ಸೀರೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು.

"ನಾನು ಸತ್ತರೆ ಸಾಯ್ತೀನಿ. ಇವು ಸುಟ್ಟುಹೋದ್ರೆ ಇನ್ನೊಂದು ಪ್ರತಿ ಎಲ್ಲೂ ಇಲ್ಲ," ಅಂದಳು.

ಇವರು ಹಿಂದೆಮುಂದೆ ನೋಡದೆ ನನ್ನ ಬೀಟೆ ಪೆಟ್ಟಿಗೆ ಖಾಲಿ ಮಾಡಿದರು. ತವರಿನಿಂದ ಬಂದ ಪೆಟ್ಟಿಗೆ. ನನ್ನ ರೇಷ್ಮೆ ಸೀರೆಗಳು ತಗಡಿನ ಟ್ರಂಕಿಗೆ ಹೋದವು.

ಸಂಜೆಯಾದರೆ ಇಬ್ಬರೂ ಚಾಪೆ ಮೇಲೆ ಕೂತು ಒಂದೊಂದೇ ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರೋದು. ಹುಳ ಬರಬಾರದಂತೆ. ನಿಂಬೆಯ ಹಾಗೆ ಘಮ್ಮೆನ್ನುವ ವಾಸನೆ. ಅವಳು ಹಳೆ ಅಕ್ಷರ ಓದುವಳು, ಇವರು "ಆಹಾ" ಅನ್ನುವರು. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತಗೊಂಡ ನಾನು ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ. ನನ್ನ ಇಂಗ್ಲಿಷಿಗೆ ಇವರು ಒಂದು ದಿನವೂ ಆಹಾ ಅಂದವರಲ್ಲ. ಪ್ಲೇನ್ ಜೆಲಸಿ, ಬೇರೆ ಹೆಸರು ಬೇಡ.

ರೇಡಿಯೋದಲ್ಲಿ ಸೀಸ್‌ಫೈರ್ ಅಂದಾಗ ಬೀದಿಗೆಲ್ಲ ಸ್ವೀಟ್ ಹಂಚುವಷ್ಟು ಖುಷಿ ನನಗೆ. ಅವಳು ಹೊರಟಳು. ಕಟ್ಟುಗಳು ಹೊರಡಲಿಲ್ಲ.

"ಮತ್ತೆ ಯುದ್ಧ ಆಗಲ್ಲ ಅಂತ ಯಾರು ಕಂಡಿದ್ದಾರೆ? ಇಲ್ಲೇ ಇರಲಿ," ಅನ್ನುತ್ತ ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆಯ ಬೀಗದ ಕೈಯನ್ನು ಇವರಿಗಲ್ಲ, ನನಗೆ ಕೊಟ್ಟಳು.

"ನನಗ್ಯಾಕೆ?"

"ಅವನು ಮರೀತಾನೆ ಮಾರಾಯ್ತಿ. ನೀನಾದರೆ ನನ್ನ ಮೇಲಿನ ಸಿಟ್ಟಿಗಾದರೂ ದಿನಾ ತೆಗೆದು ನೋಡ್ತೀಯ."

ನೋಡಿದೆ. ವರ್ಷ ವರ್ಷ ಎಣ್ಣೆ ಸವರಿದವಳೂ ನಾನೇ. ಒಂದಕ್ಷರ ಓದಲು ಬಾರದಿದ್ದರೂ ಒಂದು ಹುಳ ಸೇರಲು ಬಿಡಲಿಲ್ಲ. "ಹಾಳು ಮಾಡಿದ್ಳು ನೋಡು" ಅಂತ ಅವಳು ಇವರ ಹತ್ತಿರ ಹೇಳುವ ಹಾಗಾಗಬಾರದಲ್ಲ!

ಎಂಬತ್ತನೇ ಇಸವಿ ದಾಟಿದ ಮೇಲೆ ಅವಳು ಬಂದು, ಒಂದೊಂದು ಗರಿಯನ್ನೂ ಬೆಳಕಿಗೆ ಹಿಡಿದು ನೋಡಿ, "ನಿನ್ನ ಹೆಂಡ್ತಿ ಗಟ್ಟಿಗಿತ್ತಿ ಕಣೋ," ಎಂದು ಇವರಿಗೆ ಹೇಳಿ, ಎಲ್ಲವನ್ನೂ ಒಯ್ದಳು. ಅಂತೂ ನನ್ನ ಪೆಟ್ಟಿಗೆ ನನ್ನದಾಯಿತು. ಎಣ್ಣೆಯ ಘಮ ಇನ್ನೂ ಹೋಗಿರದಿದ್ದರೂ ಅವತ್ತೇ ಸೀರೆ ತುಂಬಿದೆ.

ದೀಪಾವಳಿಗೆ ಅದರೊಳಗಿನ ಹಸಿರು ಸೀರೆ ಉಟ್ಟು ಜಗುಲಿಗೆ ಕಾಫಿ ತಂದೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ. ಮೂಗು ಮಾತ್ರ ಅರಳಿತು.

"ಯಾವಾಗ ಬಂದ್ಯೇ? ಬಸ್ಸು ಸಿಕ್ತಾ?" ಅಂದರು. ಎಷ್ಟು ಮೆತ್ತಗಿನ ದನಿ!

"ಅಡುಗೆಮನೆಯಿಂದ ಬಂದೆ," ಅಂದೆ. "ನಡ್ಕೊಂಡು."